ನೋವು ನಟನೆ, ನಗು ಮಾತ್ರ ನಿಜವಾ?

ಪ್ರಿಯ ಓದುಗರೇ,

ಹೆಸರು ಬೇಡ ಎಂದಿದ್ದೀರಿ, ಹಾಕಿಲ್ಲ. ಪೋರ್ನ್ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ನಿಮಗೆ ಸಿಟ್ಟು ಬಂದಿದೆ. "ಅದೆಲ್ಲ ಬರೀ ನಟನೆ ಅಂತ ನಮಗೂ ಗೊತ್ತು. ಆ ನಟಿಯೂ ಖುಷಿಯಿಂದಲೇ ಮಾಡುತ್ತಾಳೆ. ಇದರಲ್ಲಿ ಅನ್ಯಾಯ ಎಲ್ಲಿದೆ?" ಎಂದು ಕೇಳಿದ್ದೀರಿ.

ಈ ಎರಡು ಮಾತನ್ನೂ ಅಕ್ಕಪಕ್ಕ ಇಟ್ಟು ನೋಡಿ. ನಟನೆ ಅಂದಮೇಲೆ ಖುಷಿಯೂ ನಟನೆಯೇ ಅಲ್ವಾ? ನಿಮ್ಮ ಲೆಕ್ಕದಲ್ಲಿ, ಕೂದಲು ಹಿಡಿದೆಳೆದಾಗ ಅವಳು ಮುಖ ಕಿವುಚಿದರೆ ಅದು ನಟನೆ. ಮರುಗಳಿಗೆಗೆ ನಕ್ಕರೆ ಅದು ನಿಜ. ಮುಖ ಒಂದೇ. ಯಾವುದನ್ನು ನಂಬಬೇಕು ಅಂತ ತೀರ್ಮಾನಿಸುವವನು ನೋಡುವ ಗಂಡಸು, ಅದೂ ತನಗೆ ಬೇಕಾದ ಹಾಗೆ. ನನ್ನ ತಕರಾರು ಇರುವುದು ಇಲ್ಲೇ.

ಲಿಂಡಾ ಬೋರ್ಮನ್ ಕಥೆ ಕೇಳಿ. 1972ರಲ್ಲಿ ಅಮೆರಿಕದಲ್ಲಿ ಬಂದ ಒಂದು ನೀಲಿಚಿತ್ರ ಅವರನ್ನು ಮನೆಮಾತಾಗಿಸಿತು. ಎಷ್ಟೋ ಜನ ಟಿಕೆಟ್ ಕೊಂಡು ನೋಡಿದರು, ಅವಳಿಗೆ ಇದೆಲ್ಲ ಇಷ್ಟ ಅಂದುಕೊಂಡರು. 1980ರಲ್ಲಿ ಅವರು ಬಾಯಿಬಿಟ್ಟರು: ಆಗಿನ ಗಂಡ ಹೊಡೆದು ಬಡಿದು ಮಾಡಿಸಿದ್ದ, ಮೈಮೇಲಿನ ಬಾಸುಂಡೆ ಚಿತ್ರದಲ್ಲೇ ಕಾಣುತ್ತದೆ ಎಂದರು. ಅಷ್ಟು ಕಣ್ಣುಗಳು ಅದೇ ಮೈಯನ್ನೇ ನೋಡುತ್ತಿದ್ದವು!

ಕ್ಯಾಮೆರಾ ಎಲ್ಲಿದೆ ಅನ್ನುವುದನ್ನೂ ಗಮನಿಸಿ. ಎಷ್ಟೋ ದೃಶ್ಯಗಳಲ್ಲಿ ಗಂಡಿನ ಮುಖವೇ ಇರುವುದಿಲ್ಲ. ಅವನ ಕಣ್ಣಿನ ಜಾಗದಲ್ಲಿ ಕ್ಯಾಮೆರಾ ಇರುತ್ತದೆ. ಅವಳು ನೋಡುವುದು ಜೊತೆಗಿದ್ದವನನ್ನಲ್ಲ, ನಿಮ್ಮನ್ನು. ಸಿನಿಮಾದಲ್ಲಿ ನೋಡುವವನು ಗಂಡು, ನೋಡಿಸಿಕೊಳ್ಳುವವಳು ಹೆಣ್ಣು ಎಂದು ಬ್ರಿಟನ್ನಿನ ಸಿನಿಮಾ ಚಿಂತಕಿ ಲಾರಾ ಮಲ್ವಿ 1975ರಲ್ಲೇ ಬರೆದಿದ್ದರು. ಅವರು ಬರೆದದ್ದು ಹಾಲಿವುಡ್ ಬಗ್ಗೆ. ಇಲ್ಲಿ ಅದು ಇನ್ನೂ ಜಾಸ್ತಿ ಒಪ್ಪುತ್ತದೆ.

ಸ್ತ್ರೀವಾದಿಗಳಿಗೆ ಸುಖ ಕಂಡರಾಗದು ಅನ್ನುವ ನಿಮ್ಮ ಮಾತನ್ನು ಮಾತ್ರ ಒಪ್ಪಲಾರೆ. ಅಮೆರಿಕದ ಸ್ತ್ರೀವಾದಿಗಳಾದ ಆಂಡ್ರಿಯಾ ಡ್ವರ್ಕಿನ್, ಕ್ಯಾಥರಿನ್ ಮೆಕಿನನ್ 1983ರಲ್ಲಿ ಪೋರ್ನ್ ವಿರುದ್ಧ ಕಾನೂನಿನ ಕರಡು ಬರೆದಾಗ, ಎಲೆನ್ ವಿಲ್ಲಿಸ್ ತರಹದ ಸ್ತ್ರೀವಾದಿಗಳೇ ಅಂಥ ಚಳವಳಿಯನ್ನು ವಿರೋಧಿಸುತ್ತಿದ್ದರು. ಪೋರ್ನ್ ನಟಿಯಾಗಿದ್ದ ಕ್ಯಾಂಡಿಡಾ ರೊಯಾಲ್ 1984ರಲ್ಲಿ ಸ್ವಂತ ಕಂಪನಿ ಕಟ್ಟಿ, ಹೆಣ್ಣಿಗೆ ಏನು ಬೇಕು ಅನ್ನುವುದನ್ನೇ ಮುಂದಿಟ್ಟು ಚಿತ್ರ ಮಾಡಿದರು. ಜಗಳ ಇದ್ದದ್ದು ಸುಖದ ಮೇಲಲ್ಲ, ಯಾರ ಸುಖ ಅನ್ನುವುದರ ಮೇಲೆ.

ನೋಡುವುದನ್ನೇ ಬಿಡಬೇಕಾ ಅಂತ ಕೊನೆಗೆ ಕೇಳಿದ್ದೀರಿ. 2020ರ ಡಿಸೆಂಬರ್‌ನಲ್ಲಿ ಪೋರ್ನ್‌ಹಬ್ ಎಂಬ ಪೋರ್ನ್ ಜಾಲತಾಣ, ಯಾರು ಹಾಕಿದ್ದು ಎಂದು ಖಚಿತವಾಗದ ಲಕ್ಷಾಂತರ ವಿಡಿಯೊಗಳನ್ನು ತೆಗೆಯಿತು. ಅಂದರೆ ಅಲ್ಲಿಯವರೆಗೆ ಅವುಗಳಲ್ಲಿರುವ ಹೆಂಗಸರು ಒಪ್ಪಿದ್ದರೋ ಇಲ್ಲವೋ ಎಂದು ಕೇಳದೆಯೇ ಜನ ನೋಡುತ್ತಿದ್ದರು. ಕದ್ದು ತೆಗೆದದ್ದು, ಹಳೇ ಪ್ರೇಮಿ ಸೇಡಿಗೆ ಹಾಕಿದ್ದು, ಅವಳ ಒಪ್ಪಿಗೆ ಇದೆಯೋ ಇಲ್ಲವೋ ತಿಳಿಯದ್ದು, ಇವನ್ನು ಇವತ್ತೇ ಬಿಡಿ. ಮಿಕ್ಕಿದ್ದರ ಬಗ್ಗೆ ನಿಮ್ಮ ಹೆಂಡತಿಗೆ ಏನನ್ನಿಸುತ್ತದೆ? ಅದೊಂದು ನಿಮ್ಮ ಪತ್ರದಲ್ಲಿ ಎಲ್ಲೂ ಇರಲಿಲ್ಲ.

– ಸಂಪಾದಕಿ