ರಗ್ಗಿನ ಜೊತೆ ಬಂದ ಅವರೆಕಾಯಿ

(ಮಂಡ್ಯದ ಓದುಗರೊಬ್ಬರ ಪತ್ರದ ಸಾರ: ಅವರದು ಬಡಾವಣೆಯೊಂದರಲ್ಲಿರುವ ನಲವತ್ತು ಮನೆಗಳ ಚಿಕ್ಕ ಸಭೆ. ಕ್ರಿಸ್ಮಸ್‌ಗೆ ಮುಂಚೆ ಚಂದಾ ಎತ್ತಿ, ಚರ್ಚಿನ ಹಿಂದಿನ ಬೀದಿಯ ಅರವತ್ತು ಮನೆಯವರಿಗೆ ರಗ್ಗು ಹಂಚಿದರು. ಬ್ಯಾನರ್ ಕಟ್ಟಿ, ಗೇಟಿನ ಬಳಿ ಸಾಲು ನಿಲ್ಲಿಸಿ, ಒಬ್ಬೊಬ್ಬರಿಗೂ ಕೊಡುವಾಗ ಫೋಟೊ ತೆಗೆದರು. ಪ್ರತಿ ರಗ್ಗಿನ ಮಡಿಕೆಯಲ್ಲೂ ಒಂದು ಪ್ರಾರ್ಥನೆಯ ಚೀಟಿ ಇಟ್ಟಿದ್ದರು. ಮರುದಿನ ಬೆಳಿಗ್ಗೆ ಒಬ್ಬ ಅಜ್ಜಿ ರಗ್ಗನ್ನು ವಾಪಸ್ ತಂದು, "ಇಲ್ದೋರ್ಗೆ ಕೊಡಿ ಕಣಪ್ಪ" ಎಂದು ಹೇಳಿ, ಒಂದು ವೈರ್ ಬ್ಯಾಗಿನ ತುಂಬ ಅವರೆಕಾಯಿಯನ್ನೂ ಇಟ್ಟು ಹೋದರು. ಅದೇ ವಾರ ಬೀದಿಯಲ್ಲಿ ಯಾರೋ "ರಗ್ಗು ಕೊಟ್ಟು ಜಾತಿ ಕೆಡಿಸ್ತಾರೆ" ಎಂದರಂತೆ. ಓದುಗರು ಕೇಳುತ್ತಾರೆ: ನಾವು ಮಾಡಿದ ತಪ್ಪೇನು? ಇನ್ನು ಆರಾಧನೆ ಮಾಡಿಕೊಂಡು ನಮ್ಮ ಪಾಡಿಗೆ ನಾವಿದ್ದುಬಿಡೋಣವೆ? ಆ ದುಡ್ಡಿನಲ್ಲಿ ಚರ್ಚಿಗೆ ಗ್ರಾನೈಟ್ ಹಾಸೋಣ ಎನ್ನುವವರೂ ಕಮಿಟಿಯಲ್ಲಿದ್ದಾರೆ.)

ಪ್ರಿಯ ಸಹೋದರರೇ,

ಪತ್ರದ ಜೊತೆ ನೀವು ಕಳಿಸಿದ ಫೋಟೊವನ್ನು ಅಚ್ಚು ಹಾಕಿಲ್ಲ. ಬೇಸರ ಮಾಡಿಕೊಳ್ಳಬೇಡಿ. ಇಂಥ ಫೋಟೊಗಳನ್ನು ನಾವೇ ವರ್ಷಗಟ್ಟಲೆ ಹಾಕಿದ್ದೇವೆ, 'ಸಭಾ ಸಮಾಚಾರ' ಪುಟದ ಅರ್ಧಭಾಗ ಅದೇ ಇರುತ್ತಿತ್ತು. ಬಿಟ್ಟಿದ್ದಕ್ಕೆ ಕಾರಣ 2020ರ ಲಾಕ್‌ಡೌನ್. ಮೈಸೂರಿನಲ್ಲಿ ನಮ್ಮ ಸಭೆಯವರು ಅಕ್ಕಿ ಬೇಳೆ ಹಂಚುವಾಗ ಕ್ಯಾಮೆರಾ ಹಿಡಿದು ನಿಂತಿದ್ದವನು ನಾನೇ. ಸಾಲಿನಲ್ಲಿ ನನ್ನ ಅಂಗಿ ಹೊಲಿಯುತ್ತಿದ್ದ ಟೈಲರ್ ಇದ್ದರು. ನನ್ನನ್ನು ಕಂಡದ್ದೇ ಹೆಗಲ ಮೇಲಿನ ಟವೆಲನ್ನು ಮುಖಕ್ಕೆ ಎಳೆದುಕೊಂಡರು. ಅವರ ಅಂಗಡಿಗೆ ಮತ್ತೆ ಹೋಗುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು. ನಾಚಿಕೆ ನನ್ನದು, ಅವರದಲ್ಲ.

ಈಗ ನಿಮ್ಮ ವಿಷಯ. ಅಜ್ಜಿ ರಗ್ಗು ಹಿಂದಿರುಗಿಸಿದ್ದನ್ನು ನೀವು ಎರಡು ಪುಟ ಬರೆದಿದ್ದೀರಿ. ಅವರೆಕಾಯಿಗೆ ಒಂದು ಸಾಲು. ನನಗೆ ಆ ಒಂದು ಸಾಲೇ ಇಡೀ ಪತ್ರ ಅನ್ನಿಸಿತು.

ನೀವು ಮಂಡ್ಯದವರು, ಮುಯ್ಯಿ ಎಂದರೇನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಾಟಿ ಕಾಲದಲ್ಲಿ ಅವರ ಗದ್ದೆಗೆ ನಾವೊಂದು ದಿನ ಆಳಾಗಿ ಹೋದರೆ ನಮ್ಮ ಗದ್ದೆಗೆ ಅವರೊಂದು ದಿನ ಬರುತ್ತಾರೆ. ಮದುವೆ ಮನೆಯಲ್ಲಿ ಮುಯ್ಯಿ ಬರೆಯುವುದಕ್ಕೆಂದೇ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಅದು ಲೆಕ್ಕಾಚಾರದ ಜಿಪುಣತನವಲ್ಲ, ಅವರ ಮನೆಯ ಕಾರ್ಯಕ್ಕೆ ನಾವೂ ಹೋಗುತ್ತೇವೆ ಎನ್ನುವ ಮಾತು. ತೀರಿಸಲಾಗದ ಮುಯ್ಯಿ ಭಾರ. ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಕೊಡಬಾರದೆಂದು ನಮ್ಮ ತಾಯಂದಿರು ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತಿದ್ದರಲ್ಲ? ಆ ಅಜ್ಜಿಯೂ ಹಾಗೇ ಮಾಡಿದ್ದಾರೆ. ನಿಮ್ಮ ಮೇಲೆ ಸಿಟ್ಟಿದ್ದರೆ ರಗ್ಗನ್ನು ಗೇಟಿನ ಮೇಲೆ ಎಸೆದು ಹೋಗಬಹುದಿತ್ತು. ಹಾಗೆ ಮಾಡದೆ, "ನಾನೂ ಕೊಡಬಲ್ಲವಳು" ಎಂದು ತೋರಿಸಿ ಹೋದರು. ನೀವು ಅವರನ್ನು ಬಡವರೆಂದು ಎಣಿಸಿದಿರಿ. ಅವರು ನಿಮ್ಮನ್ನು ನೆರೆಯವರೆಂದು ಎಣಿಸಿದರು.

ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ಇನ್ನೊಮ್ಮೆ ತೆಗೆದು ನೋಡಿ. ಯಾಕೋಬನ ಬಾವಿಯ ಬಳಿ ದಣಿದು ಕೂತ ಯೇಸುಸ್ವಾಮಿ ಸಮಾರ್ಯದ ಹೆಂಗಸಿನೊಂದಿಗೆ ಮಾತು ಶುರುಮಾಡಿದ್ದು ಬೋಧನೆಯಿಂದಲ್ಲ, ಕುಡಿಯಲು ನೀರು ಕೇಳುವುದರಿಂದ. ಅವಳ ಕೊಡವನ್ನು ಯೆಹೂದ್ಯರು ಮುಟ್ಟುತ್ತಿರಲಿಲ್ಲ. ನೀನು ನನ್ನನ್ನು ಕೇಳುವುದೇ ಎಂದು ಅವಳಿಗೇ ಬೆರಗು. ಲೂಕನ ಹತ್ತನೆಯ ಅಧ್ಯಾಯದಲ್ಲಿ ಶಿಷ್ಯರನ್ನು ಊರೂರಿಗೆ ಕಳಿಸುವಾಗಲೂ ಹಣದ ಚೀಲ ಬೇಡ, ಜೋಳಿಗೆ ಬೇಡ, ಬಡಿಸಿದ್ದನ್ನು ಉಣ್ಣಿ ಎಂದೇ ಅಪ್ಪಣೆ. ಕೊಡುವುದಕ್ಕೆ ಕೈಯಲ್ಲಿ ಏನೂ ಇಲ್ಲದವರನ್ನು ಕಳಿಸಿದ್ದು! ನಾವಾದರೋ ಅರವತ್ತು ರಗ್ಗಿನ ಮೂಟೆ ಹೊತ್ತುಕೊಂಡು ಹೋಗುತ್ತೇವೆ, ಒಂದು ಲೋಟ ನೀರನ್ನೂ ಕೇಳದೆ ಬರುತ್ತೇವೆ.

ನಿಮ್ಮ ಸಭಾಪಾಲಕರು ಇಲ್ಲೊಂದು ಆಕ್ಷೇಪ ಎತ್ತಬಹುದು, ಎತ್ತಲಿ. ಹಿಂದಕ್ಕೆ ಕೊಡಲಾರದವರನ್ನೇ ಔತಣಕ್ಕೆ ಕರೆಯಿರಿ ಎಂದು ಲೂಕ 14ರಲ್ಲಿ ಇದೆಯಲ್ಲ, ಮುಯ್ಯಿಯ ಮಾತು ಅದಕ್ಕೆ ವಿರುದ್ಧವಲ್ಲವೆ? ನಾನೂ ಇದರ ಬಗ್ಗೆ ತುಂಬ ದಿನ ತಲೆ ಕೆಡಿಸಿಕೊಂಡಿದ್ದೇನೆ. ಆದರೆ ಅಲ್ಲಿ ಹೇಳಿರುವುದು ಮನೆಯೊಳಕ್ಕೆ ಕರೆದು ಪಂಕ್ತಿಯಲ್ಲಿ ಕೂರಿಸಿಕೊಳ್ಳುವುದನ್ನು. ಗೇಟಿನ ಹೊರಗೆ ಸಾಲು ನಿಲ್ಲಿಸುವುದನ್ನಲ್ಲ. ಪ್ರತಿಫಲ ಬಯಸಬೇಡಿ ಎಂದರೆ ಅವರು ಪ್ರೀತಿಯಿಂದ ತಂದದ್ದನ್ನು ಕಡೆಗಣಿಸಿ ಎಂದೂ ಅರ್ಥವಲ್ಲ.

ನಮ್ಮ ಸೀಮೆಯ ಸಭೆಗಳಿಗಂತೂ ಕೊಡುವವರ ಗತ್ತು ಒಪ್ಪುವುದೇ ಇಲ್ಲ. ಇಲ್ಲಿ ನಾವು ಮೊದಲು ಪಡೆದವರು. ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಜಾಗದಲ್ಲಿ ಹಿಂದೆ ಇದ್ದ ಚರ್ಚು 1843ರದು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಈಗಿನ ಜೋಡಿ ಗೋಪುರದ ಕಟ್ಟಡಕ್ಕೆ 1933ರಲ್ಲಿ ಅಡಿಗಲ್ಲು ಇಟ್ಟವರು ನಾಲ್ವಡಿಯವರು. ನಿಮ್ಮ ಜಿಲ್ಲೆಯದೇ ಇನ್ನೊಂದು ಕಥೆ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿದ ಕ್ರೈಸ್ತರನ್ನು ಕೂಡಿಸಲು ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಇಲ್ಲಿನವರ ಹಾಗೇ ಉಟ್ಟು, ಇಲ್ಲಿನವರ ನಡುವೆ ಬಾಳಿ, ಜನರ ಬಾಯಲ್ಲಿ 'ದೊಡ್ಡ ಸ್ವಾಮಿಯವರು' ಆದರು. ಸಿಡುಬಿಗೆ ಲಸಿಕೆ ಹಾಕಿಸಲು ಓಡಾಡಿದರು. 1823ರಲ್ಲಿ ದೇಶಕ್ಕೆ ಮರಳುವ ಹೊತ್ತಿಗೆ, ಹಿಂದೂಗಳನ್ನು ಮತಕ್ಕೆ ಸೇರಿಸುವುದು ಆಗದ ಕೆಲಸ ಎಂಬುದೇ ಅವರ ತೀರ್ಮಾನವಾಗಿತ್ತು. ಲಸಿಕೆ ಮಾತ್ರ ವ್ಯರ್ಥವಾಗಲಿಲ್ಲ. ಮೈಸೂರಿನಲ್ಲಿ 1906ರಲ್ಲಿ ಶುರುವಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಇವತ್ತಿಗೂ ಆಟೋದವರು 'ಮಿಷನ್ ಆಸ್ಪತ್ರೆ' ಎನ್ನುತ್ತಾರೆ, ಆ ಹೆಸರು ಹೇಳುವಾಗ ಯಾರಿಗೂ ಅನುಮಾನ ಬರುವುದಿಲ್ಲ.

ಅನುಮಾನದ ಮಾತು ಬಂತು. "ಜಾತಿ ಕೆಡಿಸ್ತಾರೆ" ಎಂದವರ ಮೇಲೆ ನಿಮಗೆ ಕೋಪವಿದೆ. ನನಗೆ ಮಡಿಕೆಯೊಳಗಿನ ಚೀಟಿಯ ಮೇಲೆ ಕೋಪವಿದೆ. ಚಳಿಗೆ ನಡುಗುವವರಿಗೆ ರಗ್ಗು ಕೊಡುವುದು ಒಂದು, ಸುವಾರ್ತೆ ಹೇಳುವುದು ಇನ್ನೊಂದು. ಎರಡನೆಯದನ್ನು ಮೊದಲನೆಯದರೊಳಗೆ ಮಡಿಸಿಟ್ಟರೆ ಎರಡೂ ಕೆಡುತ್ತವೆ. ಕೇಳಿದವರಿಗೆ ಬಾಯಿಬಿಟ್ಟು ಹೇಳಿ, ಧೈರ್ಯವಾಗಿ ಹೇಳಿ. ಚೀಟಿ ಬೇಡ, ಬ್ಯಾನರೂ ಬೇಡ.

ಹಾಗಾದರೆ ಏನು ಮಾಡುವುದು? ಸುಮ್ಮನಿರುವುದಂತೂ ಅಲ್ಲ. ಹೋದ ಸುಗ್ಗಿ ಹಬ್ಬಕ್ಕೆ ನೂರು ಪ್ಲಾಸ್ಟಿಕ್ ಕುರ್ಚಿ, ಎರಡು ದೊಡ್ಡ ಕೊಳಗ ಕೊಂಡೆವು ಎಂದು ಬರೆದಿದ್ದೀರಿ. ವರ್ಷದಲ್ಲಿ ಎಷ್ಟು ದಿನ ಅವು ಬೀಗದೊಳಗಿರುತ್ತವೆ? ಹಿಂದಿನ ಬೀದಿಯಲ್ಲಿ ಸಾವಾದರೆ ಕೂರುವುದಕ್ಕೆ ಕುರ್ಚಿ ಬೇಕು, ತಿಥಿಗೆ ಕೊಳಗ ಬೇಕು. ಬೀಗದ ಕೈ ಯಾರ ಹತ್ತಿರ ಇದೆ ಎಂಬುದು ಆ ಬೀದಿಗೆ ಗೊತ್ತಿರಲಿ, ಅಷ್ಟೆ. ಪರೀಕ್ಷೆ ಬರುತ್ತಿದೆ. ಒಂದೇ ಕೋಣೆಯ ಮನೆಯ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆ ಆರರಿಂದ ಒಂಬತ್ತರವರೆಗೆ ನಿಮ್ಮ ಹಾಲಿನ ಲೈಟು, ಫ್ಯಾನು, ನಿಶ್ಶಬ್ದ ಇಷ್ಟು ಸಿಕ್ಕಿದರೆ ಸಾಕು. ಪಾಠ ಹೇಳಬೇಕೆಂದಿಲ್ಲ. ಸುಗ್ಗಿ ಹಬ್ಬದ ಹರಾಜಿಗೆ ಆ ಬೀದಿಯವರನ್ನೂ ಕರೆಯಿರಿ. ತೆಂಗಿನಕಾಯಿಗೆ, ಬಾಳೆಗೊನೆಗೆ ಅವರೂ ಕೂಗಲಿ. ನಮ್ಮವರು ಒಂದು ಕುಂಬಳಕಾಯಿಗೆ ಜಿದ್ದಿಗೆ ಬಿದ್ದು ಐನೂರು ರೂಪಾಯಿವರೆಗೆ ಏರಿಸುವುದನ್ನು ನೋಡಿ ಒಂದಿಷ್ಟು ನಗಲಿ.

ಇನ್ನು, ಯಾರಿಗೆ ಏನು ಬೇಕೆಂದು ಕಮಿಟಿಯವರೇ ಕೂತು ತೀರ್ಮಾನಿಸಬೇಡಿ. ಯೆರೂಸಲೇಮಿನ ಮೊದಲ ಸಭೆಯಲ್ಲೂ ದಿನದ ಹಂಚಿಕೆಯ ಬಗ್ಗೆ ದೂರು ಬಂದಿತ್ತು, ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಾರೆಂದು. ಅಪೊಸ್ತಲರು "ಕೊಟ್ಟರೂ ಗೊಣಗುತ್ತಾರೆ" ಎನ್ನಲಿಲ್ಲ. ಏಳು ಜನರನ್ನು ಆರಿಸಿ ಹಂಚುವ ಕೆಲಸವನ್ನೇ ಒಪ್ಪಿಸಿದರು. ಆ ಏಳೂ ಗ್ರೀಕ್ ಹೆಸರುಗಳು! ಸ್ತೆಫನನಿಂದ ನಿಕೊಲಾಯನವರೆಗೆ ಓದಿಕೊಂಡು ಹೋಗಿ. ದೂರಿದವರ ಕಡೆಯವರ ಕೈಗೇ ಸೌಟು ಹೋಯಿತು. ನಿಮ್ಮ ಬೀದಿಯ ಅಂಗನವಾಡಿ ಟೀಚರನ್ನು, ಆಶಾ ಕಾರ್ಯಕರ್ತೆಯನ್ನು ಕೇಳಿ. ಯಾರ ಮನೆಯಲ್ಲಿ ಒಲೆ ಹಚ್ಚಿಲ್ಲ, ಯಾರು ಮಾತ್ರೆ ನಿಲ್ಲಿಸಿದ್ದಾರೆ ಎಂಬುದು ಅವರಿಗೆ ಗೊತ್ತು. ಬಹುಶಃ ಬೇಕಾಗಿದ್ದದ್ದು ಅರವತ್ತಲ್ಲ, ಎಂಟು ರಗ್ಗು.

ಗ್ರಾನೈಟ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ದೀರಿ. ಮಳೆಗಾಲದಲ್ಲಿ ಜಾರುತ್ತದೆ, ಸಭೆಯಲ್ಲಿ ವಯಸ್ಸಾದವರಿದ್ದಾರೆ.

ಒಂದು ಮಾತ್ರ ನೀವು ಬರೆದಿಲ್ಲ: ಆ ಅವರೆಕಾಯಿ ಏನಾಯಿತು? ಬಾಡಿ ಹೋಯಿತೋ, ಯಾರಾದರೂ ಹಿತಕಿ ಸಾರು ಮಾಡಿದರೋ? ವೈರ್ ಬ್ಯಾಗು ಇನ್ನೂ ವೆಸ್ಟ್ರಿಯ (ಚರ್ಚಿನ ಪಕ್ಕದ ಕೋಣೆಯ) ಮೊಳೆಗೆ ತೂಗುತ್ತಿದೆ ಎಂದಿದ್ದೀರಲ್ಲ, ಅದನ್ನು ವಾಪಸ್ ಕೊಡಬೇಕು, ಬರಿದಾಗಿ ಕೊಡುವ ಹಾಗಿಲ್ಲ. ಸಭೆಯ ಖರ್ಚಿನಲ್ಲಿ ಏನನ್ನೂ ಕೊಳ್ಳಬೇಡಿ, ನಿಮ್ಮ ಮನೆಯಲ್ಲಿ ಮಾಡಿದ್ದನ್ನೇ ಒಂದಿಷ್ಟು ಹಾಕಿಕೊಂಡು ಮನೆಯವರ ಜೊತೆ ಹೋಗಿ. ಅಜ್ಜಿ ಕಾಫಿ ಕಾಯಿಸುತ್ತೇನೆ ಎಂದರೆ ಬೇಡ ಎನ್ನದೆ ಕೂತುಕೊಳ್ಳಿ.

ನಿಮ್ಮ,
ಸಂಪಾದಕ