ಗುಡಾರದವರಿಗೂ ಕಾನೂನು ಒಂದೇ ಅಲ್ವಾ?

ಪ್ರಶ್ನೆ: ನಮ್ಮ ಬಡಾವಣೆ ಪಕ್ಕದ ಸರ್ಕಾರಿ ಜಾಗದಲ್ಲಿ ಕೆಲವು ಅಲೆಮಾರಿ ಕುಟುಂಬಗಳು ಗುಡಾರ ಹಾಕಿಕೊಂಡಿವೆ. ಅವರನ್ನು ಎಬ್ಬಿಸಿ ಅಂತ ನಮ್ಮ ಸಂಘದವರು ಅರ್ಜಿ ಕೊಡುತ್ತಿದ್ದಾರೆ, ನನ್ನ ಸಹಿಯನ್ನೂ ಕೇಳಿದ್ದಾರೆ. ಆ ಜನರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಕಾನೂನು ಎಲ್ಲರಿಗೂ ಒಂದೇ ಅಲ್ವಾ?
- ಓದುಗರೊಬ್ಬರು, ಮಂಡ್ಯ

ಉತ್ತರ: ಒಂದೇ ಆಗಿರಬೇಕು ನಿಜ, ಆದರೆ ಆಗಿಲ್ಲ. ಮಂಡ್ಯ, ಮೈಸೂರಿನ ಸುತ್ತ ಹೊಲ ಗದ್ದೆಗಳಲ್ಲಿ ಅನುಮೋದನೆ ಇಲ್ಲದೆ ಎದ್ದ ರೆವಿನ್ಯೂ ಬಡಾವಣೆಗಳನ್ನು ನೀವೂ ನೋಡಿರುತ್ತೀರಿ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಅವೂ ಅಕ್ರಮವೇ. ಆದರೂ ಅವನ್ನು ಒಡೆಯುವ ಬದಲು 2025ರಲ್ಲಿ ಸರ್ಕಾರ ಅಂಥ ಆಸ್ತಿಗಳಿಗೆ ಬಿ ಖಾತಾ, ಅಂದರೆ ಅನುಮೋದನೆ ಇಲ್ಲದ ಆಸ್ತಿಗಳನ್ನು ತೆರಿಗೆಗಾಗಿ ಬೇರೆಯಾಗಿ ದಾಖಲಿಸುವ ಖಾತೆ, ಕೊಡಲು ಹೊರಟಿತು. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಭೂ ಕಂದಾಯ ಕಾಯ್ದೆಯ 94ಸಿ, 94ಸಿಸಿ ಕಲಂಗಳಿವೆ, ನಿಗದಿಯಾದ ದಿನಾಂಕಕ್ಕಿಂತ ಮುಂಚೆ ಕಟ್ಟಿದ ಮನೆ ಅಂತ ತೋರಿಸಿದರೆ ಸಕ್ರಮ ಆಗುತ್ತದೆ. ಇದು ತಪ್ಪಲ್ಲ, ಬಡವರಿಗೆ ಸೂರು ಸಿಗಲೇಬೇಕು. ನನ್ನ ತಕರಾರು ಏನೆಂದರೆ, ಈ ದಾರಿ ಗೋಡೆ ಇದ್ದವರಿಗೆ ಮಾತ್ರ. ಟಾರ್ಪಾಲಿನ ಕೆಳಗೆ ಮಲಗಿ, ಕೂದಲು ಕೊಳ್ಳಲು, ಪಿನ್ನು ಬಾಚಣಿಗೆ ಮಾರಲು ವರ್ಷದಲ್ಲಿ ಎಷ್ಟೋ ತಿಂಗಳು ಊರೂರು ಸುತ್ತುವವರು ಕರೆಂಟ್ ಬಿಲ್ಲು, ಕಂದಾಯದ ರಸೀದಿ ಎಲ್ಲಿಂದ ತರಬೇಕು ಹೇಳಿ?

ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟು ಕಾಯ್ದೆ ತಂದು ಎಷ್ಟೋ ಅಲೆಮಾರಿ ಸಮುದಾಯಗಳಿಗೆ ಹುಟ್ಟಿನಿಂದಲೇ ಕಳ್ಳರ ಪಟ್ಟ ಕಟ್ಟಿದರು. ಅದು ರದ್ದಾಗಿದ್ದು 1952ರಲ್ಲಿ. ಇವತ್ತಿಗೂ ಊರಾಚೆ ಗುಡಾರ ಕಂಡರೆ ಜನ ಮೊದಲು ಪೊಲೀಸರಿಗೇ ಫೋನ್ ಮಾಡುತ್ತಾರೆ, ಇದು ನನಗೆ ತುಂಬ ನೋವಿನ ವಿಷಯ.

ಒಂದು ಕಡೆ ನೆಲೆ ಕೊಟ್ಟರೂ ಇವರು ನಿಲ್ಲುವುದಿಲ್ಲ ಅನ್ನುತ್ತಾರೆ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರಕ್ಕೆ ಹೋಗಿ ನೋಡಿ. ಅಲ್ಲಿ ನೆಲೆ ಸಿಕ್ಕಿರುವ ಹಕ್ಕಿಪಿಕ್ಕಿ ಎಂಬ ಅಲೆಮಾರಿ ಸಮುದಾಯದವರು ಈಗಲೂ ವ್ಯಾಪಾರಕ್ಕೆ ದೂರ ದೂರ ಹೋಗುತ್ತಾರೆ, ಆದರೆ ವಾಪಸ್ ಬರಲು ಮನೆ ಇದೆ, ವಿಳಾಸ ಇದೆ.

ಫುಟ್‌ಪಾತ್ ಆಕ್ರಮಿಸಿಕೊಳ್ಳುವ ಹಕ್ಕು ಯಾರಿಗೂ ಇಲ್ಲ ಅಂದ ಸುಪ್ರೀಂ ಕೋರ್ಟೇ, 1985ರ ಓಲ್ಗಾ ಟೆಲಿಸ್ ತೀರ್ಪಿನಲ್ಲಿ ಮುಂಬೈನ ಫುಟ್‌ಪಾತ್ ವಾಸಿಗಳನ್ನು ಮಳೆಗಾಲ ಮುಗಿಯುವವರೆಗೆ ಎಬ್ಬಿಸಬೇಡಿ ಅಂದಿತ್ತು. ಬದುಕುವ ಹಕ್ಕಿನಲ್ಲಿ ದುಡಿದು ತಿನ್ನುವ ಹಕ್ಕೂ ಸೇರಿದೆ ಅಂತಲೂ ಹೇಳಿತ್ತು.

ಹಾಗಾಗಿ ಆ ಅರ್ಜಿಗೆ ಸಹಿ ಹಾಕಬೇಡಿ. ಸಂಘದ ಸಭೆಯಲ್ಲಿ ಒಕ್ಕಣೆ ಬದಲಿಸಲು ಹೇಳಿ: ಈ ಕುಟುಂಬಗಳಿಗೆ ಹತ್ತಿರದಲ್ಲೇ ನಿವೇಶನ ಗುರುತಿಸಿ, ಅಲ್ಲಿಯವರೆಗೆ ನೀರು, ಶೌಚಾಲಯದ ವ್ಯವಸ್ಥೆ ಮಾಡಿ ಅಂತ ಜಿಲ್ಲಾಧಿಕಾರಿಗೆ ಬರೆಯಿರಿ. ಕಳಿಸುವ ಮುಂಚೆ ಗುಡಾರದ ಹಿರಿಯರನ್ನೂ ಕೂರಿಸಿಕೊಂಡು, ಅವರಿಗೆ ಏನು ಬೇಕು ಅಂತ ಕೇಳಿ.