ತುಟಿ ಅಲುಗಿದರೂ ಸಾಕು

ಬೀದರ್ ಜಿಲ್ಲೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಮುಖ್ಯ ಭಾಗ ಹೀಗಿದೆ:

"ನಮ್ಮದು ಮೆಥೋಡಿಸ್ಟ್ ಸಭೆ. ಪ್ರತಿ ಶುಕ್ರವಾರ ಒಬ್ಬೊಬ್ಬರ ಮನೆಯಲ್ಲಿ ಕಾಟೇಜ್ ಪ್ರಾರ್ಥನೆ ಇರುತ್ತದೆ. ಎಲ್ಲರೂ ಜೋರಾಗಿ ಪ್ರಾರ್ಥಿಸುತ್ತಾರೆ. ಕೆಲವರು ಹತ್ತು ನಿಮಿಷವಾದರೂ ನಿಲ್ಲಿಸುವುದಿಲ್ಲ. ನನ್ನ ಸರದಿ ಬಂದರೆ ಗಂಟಲು ಕಟ್ಟುತ್ತದೆ. ಎರಡು ಮಾತಾದ ಮೇಲೆ ಏನೂ ಹೊಳೆಯುವುದಿಲ್ಲ. ಮನೆಯಲ್ಲಿ ಕೂತರೆ ಮನಸ್ಸು ಒಲೆ, ನಳದ ನೀರು, ಬಸ್ಸು ಅಂತ ಓಡುತ್ತದೆ. ಈಗ ಹೋಗಲಿಕ್ಕೇ ಮನಸ್ಸಿಲ್ಲ. ಮನಸ್ಸಿಲ್ಲದೆ ಹೋಗಿ ಕೂರುವುದು ಕಪಟ ಅಲ್ವಾ? ಮದುವೆಯಾಗಿ ಆರು ವರ್ಷವಾದರೂ ನಮಗೆ ಮಕ್ಕಳಿಲ್ಲ. ಹೋದ ತಿಂಗಳು ಹಿರಿಯರೊಬ್ಬರು ಎಲ್ಲರ ಮುಂದೆ, 'ನಿಂಗ ನಂಬಿಕಿ ಕಮ್ಮಿ ಅದ ಯವ್ವಾ, ಅದ್ಕೇ ದೇವರು ಕೇಳವಲ್ಲ' ಅಂದರು. ಪ್ರಾರ್ಥನೆಯಲ್ಲಿ ಬೆಳೆಯುವುದು ಹೇಗೆ?"

ತಂಗಿ,

ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಆ ಹಿರಿಯರು ಹೇಳಿದ್ದು ತಪ್ಪು. ಮಕ್ಕಳಾಗದ ಹೆಣ್ಣುಮಗಳ ನಂಬಿಕೆಯನ್ನು ತೂಗಿ ನೋಡುವ ತಕ್ಕಡಿಯನ್ನು ದೇವರು ಯಾರ ಕೈಗೂ ಕೊಟ್ಟಿಲ್ಲ. ಅದನ್ನು ಓದಿ ನನಗೆ ಸಿಟ್ಟು ಬಂತು. ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ, ಸಿಟ್ಟು ಇನ್ನೂ ಇದೆ.

ಬೈಬಲಿನ ಒಂದನೇ ಸಮುವೇಲ ಪುಸ್ತಕದ ಮೊದಲ ಅಧ್ಯಾಯ ತೆಗೆಯಿರಿ. ಹನ್ನಳ ಕಥೆ ನೀವು ನೂರು ಸಲ ಕೇಳಿರುತ್ತೀರಿ. ಆದರೆ ನಮ್ಮಲ್ಲಿ ಅದನ್ನು ಹೇಳುವವರು ಬೇಗ ಬೇಗ ಅವಳ ಮಗ ಸಮುವೇಲ ಹುಟ್ಟಿದ ಕಡೆ ಓಡುತ್ತಾರೆ. ನೀವು ನಡುವೆ ನಿಲ್ಲಿ. ಗಂಡ ಎಲ್ಕಾನನಿಗೆ ಇಬ್ಬರು ಹೆಂಡಿರು. ಪೆನಿನ್ನಳಿಗೆ ಮಕ್ಕಳಿದ್ದಾರೆ, ಹನ್ನಳಿಗಿಲ್ಲ. ಪ್ರತಿ ವರ್ಷ ಎಲ್ಲರೂ ಕೂಡಿ ಶೀಲೋವಿಗೆ ಹೋಗುತ್ತಾರೆ, ಪ್ರತಿ ವರ್ಷ ಆಕೆ ಇವಳನ್ನು ಚುಚ್ಚುತ್ತಾಳೆ. ಅದೂ ದೇವರ ಮನೆಗೆ ಹೋದಾಗಲೇ! ಹನ್ನಳು ಊಟ ಬಿಟ್ಟು ಅಳುತ್ತಾಳೆ. ಎದ್ದು ಹೋಗಿ ಪ್ರಾರ್ಥಿಸುತ್ತಾಳೆ. ತುಟಿ ಮಾತ್ರ ಅಲುಗುತ್ತಿದೆ, ಧ್ವನಿ ಹೊರಗೆ ಬರುತ್ತಿಲ್ಲ. ಬಾಗಿಲ ಹತ್ತಿರ ಪೀಠದ ಮೇಲೆ ಕೂತಿದ್ದ ಯಾಜಕ ಏಲಿ ಅವಳ ಬಾಯನ್ನೇ ನೋಡುತ್ತಿದ್ದ. ಕುಡಿದಿದ್ದಾಳೆ ಅಂದುಕೊಂಡ. ಅಮಲು ಇಳಿಸಿಕೋ ಎಂದು ಗದರಿಸಿಯೂ ಬಿಟ್ಟ.

ಪ್ರಾರ್ಥನೆಯಲ್ಲೇ ಮುದುಕನಾದ ಮನುಷ್ಯ ಆತ. ಆತನಿಗೇ ನಿಜವಾದ ಪ್ರಾರ್ಥನೆ ಕಣ್ಣೆದುರು ನಡೆಯುತ್ತಿದ್ದರೂ ಗೊತ್ತಾಗಲಿಲ್ಲ. ನಿಮ್ಮ ಸಭೆಯ ಹಿರಿಯರಿಗೂ ಗೊತ್ತಾಗಲಿಲ್ಲ. ಆದರೆ ಏಲಿ ತಪ್ಪನ್ನು ತಿದ್ದಿಕೊಂಡ. ನಾನು ಕುಡಿದಿಲ್ಲ, ಮನಸ್ಸಿನ ದುಃಖವನ್ನು ದೇವರ ಮುಂದೆ ಹೊಯ್ದುಕೊಂಡೆ ಎಂದು ಅವಳು ಹೇಳಿದಾಗ, ಸಮಾಧಾನದಿಂದ ಹೋಗು ಎಂದು ಆಶೀರ್ವದಿಸಿದ. ನಿಮ್ಮ ಹಿರಿಯರೂ ಹಾಗೆ ಮಾಡಲಿ ಎಂದು ನಾನು ಬಯಸುತ್ತೇನೆ.

ಇನ್ನೊಂದು ಸಂಗತಿ ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ಹನ್ನಳು ವಾಪಸ್ ಹೋಗಿ ಊಟ ಮಾಡಿದಳು, ಅವಳ ಮುಖದ ದುಃಖ ಹೋಯಿತು ಎಂದಿದೆ. ಆಗ ಅವಳು ಇನ್ನೂ ಬಸಿರಾಗಿರಲಿಲ್ಲ. ಮಗು ಬಂದದ್ದು ಆಮೇಲೆ. ಮೊದಲು ಬಂದದ್ದು ಹಸಿವು. ನಿಮಗೂ ಮಗು ಆಗುತ್ತದೆ ಎಂದು ನಾನು ಮಾತು ಕೊಡಲಾರೆ, ಹಾಗೆ ಕೊಡುವ ಹಕ್ಕು ನನಗಿಲ್ಲ. ನಿಮ್ಮ ಹೊಟ್ಟೆಗೆ ಅನ್ನ ಹೋಗಲಿ, ಮುಖ ತಿಳಿಯಾಗಲಿ ಎಂದು ಮಾತ್ರ ಕೇಳುತ್ತಿದ್ದೇನೆ. ಇದರ ಜೊತೆಗೇ ಡಾಕ್ಟರ ಹತ್ತಿರವೂ ಹೋಗಿ. ನೀವೊಬ್ಬರೇ ಬೇಡ, ಗಂಡನನ್ನೂ ಕರೆದುಕೊಂಡು ಹೋಗಿ. ಕಾರಣ ಗಂಡಸಿನಲ್ಲೂ ಇರಬಹುದು. ತಪಾಸಣೆ ಮಾಡಿಸಿದರೆ ನಂಬಿಕೆ ಕಮ್ಮಿಯಾಗುವುದಿಲ್ಲ.

ಈಗ ಮಾತು ಹೊಳೆಯದ ವಿಷಯ. ಪ್ರಾರ್ಥನೆ ಅಂದರೆ ಪ್ರತಿ ಸಲ ಹೊಸ ಮಾತು ಹುಟ್ಟಿಸಬೇಕು ಎಂದು ನಮಗೆ ಯಾರು ಕಲಿಸಿದರೋ! ಗೆತ್ಸೇಮನೆ ತೋಟದಲ್ಲಿ ಯೇಸು ಮೂರು ಸಲ ಪ್ರಾರ್ಥಿಸಿದ. ಮೂರನೇ ಸಲವೂ ಮೊದಲಿನ ಮಾತನ್ನೇ ಹೇಳಿದ ಎಂದು ಮತ್ತಾಯ ಬರೆದಿದ್ದಾನೆ. ಪ್ರಾರ್ಥಿಸುವುದನ್ನು ಕಲಿಸು ಎಂದು ಶಿಷ್ಯರು ಕೇಳಿದಾಗ ಆತ ಉದ್ದ ಉಪದೇಶ ಮಾಡದೆ ಬಾಯಿಪಾಠ ಮಾಡುವಷ್ಟು ಸಣ್ಣ ಪ್ರಾರ್ಥನೆ ಕೊಟ್ಟ, ಅದೇ ಕರ್ತನ ಪ್ರಾರ್ಥನೆ. ಅದರಲ್ಲಿ "ನನಗೆ" ಇಲ್ಲ, "ನಮಗೆ" ಇದೆ. ನೀವು ಒಲೆ ಮುಂದೆ ಒಬ್ಬರೇ ನಿಂತು ಹೇಳಿದರೂ ಇಡೀ ಸಭೆ ಜೊತೆಗೆ ಹೇಳಿದ ಹಾಗೆ.

ಆದ್ದರಿಂದ ಕಡ ತರುವುದಕ್ಕೆ ನಾಚಬೇಡಿ. ಬೈಬಲಿನಲ್ಲಿ ಕೀರ್ತನೆಗಳು 150 ಇವೆ. ಸಂಕಟದ ಮಾತು ಬೇಕೆಂದರೆ 13ನೆಯದು ತೆಗೆಯಿರಿ. ಇನ್ನೆಷ್ಟು ದಿನ ನನ್ನನ್ನು ಮರೆಯುತ್ತೀ ಎಂದೇ ಅದು ಶುರುವಾಗುತ್ತದೆ. ಆರೇ ವಚನ. 88ನೆಯದು ಕತ್ತಲಲ್ಲೇ ಮುಗಿಯುತ್ತದೆ, ಕೊನೆಯಲ್ಲೂ ಬೆಳಕಿಲ್ಲ. ಅಂಥದ್ದನ್ನೂ ಬೈಬಲಿನಲ್ಲಿ ಉಳಿಸಿಕೊಂಡಿದ್ದಾರೆ ಎಂದು ಮೊದಲ ಸಲ ಗಮನಿಸಿದ ದಿನ ನನಗೆ ದೊಡ್ಡ ಹೊರೆ ಇಳಿದಂತಾಗಿತ್ತು. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಬಳ್ಳಾರಿಯಿಂದ ಬಂದದ್ದು 1831ರಲ್ಲಿ. ಅಂದಿನಿಂದ ಎಷ್ಟು ಬಾಯಿಗಳು ಈ ಮಾತುಗಳನ್ನು ಹೇಳಿವೆಯೋ. ಓದು ಬಾರದ ನಮ್ಮ ಅಜ್ಜಿಯಂದಿರು ಭಜನೆಯಲ್ಲಿ, ತಾಳ ಡೋಲಕ್ ಜೊತೆ, ಕೇಳಿ ಕೇಳಿಯೇ ಕಲಿತರು. ಅವರು ಸವೆಸಿ ನುಣುಪು ಮಾಡಿಟ್ಟ ಮಾತುಗಳು ಇವು. ನೀವೂ ಬಳಸಿ.

ನಮ್ಮ ಅವ್ವನಿಗೂ ಓದು ಬರುತ್ತಿರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿಯುತ್ತಿದ್ದಳು. ಬಿಸಿನೀರು ಹಾಕಿ ಜೋಳದ ಹಿಟ್ಟು ನಾದಿ, ಉಂಡೆ ಮಾಡಿ, ಕೊಣಮಿಗೆಯಲ್ಲಿ ಬಡಿದು, ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆಯಿಂದ ನೀರು ಸವರುವಾಗ ಒಂದು ಹೆಸರು ಹೇಳುತ್ತಿದ್ದಳು. ಒಂದು ರೊಟ್ಟಿಗೆ ಒಂದು ಹೆಸರು. "ಕರ್ತನೇ, ನೋಡಿಕೋ" ಅಷ್ಟೇ. ಪುಣೆಗೆ ಗುಳೆ ಹೋದ ತಮ್ಮ, ಪಾಸ್ಟರಮ್ಮ, ತೊಗರಿ ಸುಟ್ಟುಹೋದ ಪಕ್ಕದ ಹೊಲದವರು. ಕೊನೆಗೆ ಉಳಿದ ಹಿಟ್ಟಿನಲ್ಲಿ ಒಂದು ಸಣ್ಣ ರೊಟ್ಟಿ ಆಗುತ್ತಿತ್ತು. ಅದು ಆಗ ಯಾರ ಜೊತೆ ಜಗಳ ಇರುತ್ತಿತ್ತೋ ಅವರ ಹೆಸರಿಗೆ. ನಳದ ಹತ್ತಿರ ಜಗಳವಾಡಿ ಬಂದ ಮರುದಿನ ಆ ಹೆಸರು ಬಾಯಿಗೆ ಬರುವಷ್ಟರಲ್ಲಿ ರೊಟ್ಟಿ ಸೀದುಹೋದದ್ದನ್ನು ನಾನೇ ನೋಡಿದ್ದೇನೆ.

ನಿಮ್ಮ ಮನಸ್ಸು ಒಲೆ, ನೀರು, ಬಸ್ಸು ಅಂತ ಓಡುತ್ತದೆ ಅಂದಿರಲ್ಲ, ಓಡಲಿ. ಅದರ ಹಿಂದೆಯೇ ಪ್ರಾರ್ಥನೆಯನ್ನೂ ಕಳಿಸಿ. ಬಸ್ಸಿನ ನೆನಪಾದರೆ ಅದರಲ್ಲಿ ದಿನಾ ಹೋಗುವ ಗಂಡನ ಹೆಸರು ಹೇಳಿ. ಮನಸ್ಸು ಹೋದ ಜಾಗಕ್ಕೇ ದೇವರನ್ನೂ ಕರೆಯುವುದು ನನಗೆ ಜಾಸ್ತಿ ಸುಲಭವೆನಿಸಿದೆ. ಬಿಡುವಿನ ಹೊತ್ತಿನಲ್ಲಿ ಹತ್ತು ನಿಮಿಷ ಬಾಗಿಲು ಹಾಕಿ ಕೂರಲು ಆದರೆ ಅದೂ ಒಳ್ಳೆಯದೇ, ಯೇಸು ಅದನ್ನೂ ಹೇಳಿದ್ದಾನೆ.

ಮನಸ್ಸಿಲ್ಲದೆ ಹೋಗುವುದು ಕಪಟವೇ ಎಂದು ಕೇಳಿದ್ದೀರಿ. ನಿಮ್ಮ ಸಭೆಯ ಮೂಲಪುರುಷ ಜಾನ್ ವೆಸ್ಲಿಯನ್ನೇ ನೋಡಿ. 1728ರಲ್ಲಿ ಆತ ಪಾದ್ರಿಯಾಗಿದ್ದ. ಹತ್ತು ವರ್ಷವಾದರೂ ಒಳಗೆ ಸಮಾಧಾನವಿರಲಿಲ್ಲ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಣ್ಣ ಕೂಟಕ್ಕೆ ಹೋದ. ಒಂಚೂರೂ ಮನಸ್ಸಿಲ್ಲದೆ ಹೋದೆ ಎಂದು ತಾನೇ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅಲ್ಲಿ ಯಾರೋ ಓದುತ್ತಿದ್ದದ್ದನ್ನು ಕೇಳುತ್ತ ಕೂತಿದ್ದಾಗ ಎದೆ ಬೆಚ್ಚಗಾಯಿತು. ಅವನು ಪ್ರಾರ್ಥಿಸಿದ್ದು, ಎಲ್ಲರ ಮುಂದೆ ಬಾಯಿ ತೆಗೆದು ಸಾಕ್ಷಿ ಹೇಳಿದ್ದು ಆಮೇಲೆ; ಮೊದಲು ಸುಮ್ನೆ ಕೂತು ಕೇಳಿದ. ಮನಸ್ಸಿದೆ ಎಂದು ನಟಿಸುವುದು ಕಪಟ. ಮನಸ್ಸಿಲ್ಲದಿದ್ದರೂ ಕಾಲು ಎಳೆದುಕೊಂಡು ಹೋಗುವುದು ಕಪಟವಲ್ಲ.

ಮನೆಮನೆಯ ಕೂಟ ಶುರುವಾದದ್ದು ಹೇಗೆ ಎಂಬುದನ್ನೂ ನಿಮ್ಮ ಹಿರಿಯರಿಗೆ ಹೇಳಿ. 1742ರಲ್ಲಿ ಬ್ರಿಸ್ಟಲ್ ಊರಿನ ಸಭೆಗೆ ಕಟ್ಟಡದ ಸಾಲವಿತ್ತು. ಒಬ್ಬೊಬ್ಬರು ವಾರಕ್ಕೆ ಒಂದು ಪೆನ್ನಿ ಕೊಡುವುದು, ಹನ್ನೆರಡು ಜನಕ್ಕೆ ಒಬ್ಬ ಮುಖಂಡ ಮನೆಮನೆಗೆ ಹೋಗಿ ಕೂಡಿಸುವುದು ಎಂದಾಯಿತು. ಹಾಗೆ ಹೋದವರಿಗೆ ಮನೆಯೊಳಗಿನ ಸುಖದುಃಖ ಗೊತ್ತಾಗತೊಡಗಿತು. ಇದೇ ಬೇಕಾದದ್ದು ಎಂದು ವೆಸ್ಲಿ ಹಿಡಿದುಕೊಂಡ. ಆಮೇಲೆ ಪ್ರತಿ ವಾರ ಕೂಡಿ, ಹೇಗಿದ್ದೀ ಎಂದು ಒಬ್ಬರನ್ನೊಬ್ಬರು ಕೇಳುವ ಪದ್ಧತಿ ಬಂತು. ನಿಮ್ಮ ಶುಕ್ರವಾರದ ಕೂಟ ಆ ವಂಶದ್ದು. ಹೇಗಿದ್ದೀ ಎಂದು ಕೇಳುವ ಬದಲು ಒಬ್ಬಳ ಗಾಯವನ್ನು ಎಲ್ಲರ ಮುಂದೆ ಕೆದಕಿದರೆ ಕೂಟ ದಾರಿ ತಪ್ಪಿದೆ ಎಂದೇ ಅರ್ಥ.

ಆದರೂ ಬಿಡಬೇಡಿ ಎನ್ನುತ್ತೇನೆ. ಅದಕ್ಕೆ ನನ್ನದೇ ಕಾರಣವಿದೆ. ಅಪ್ಪ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಹನ್ನೊಂದು ದಿನ ಐಸಿಯುನಲ್ಲಿದ್ದರು. ನಾನು ಹೊರಗೆ ಬೆಂಚಿನ ಮೇಲಿದ್ದೆ. ಪ್ರಾರ್ಥನೆಯ ಬಗ್ಗೆ ಇಷ್ಟೆಲ್ಲ ಬರೆಯುವ ನನಗೆ ಒಂದು ಮಾತೂ ಬರಲಿಲ್ಲ. ನಮ್ಮ ಸಭೆಯ ಆಟೋ ಓಡಿಸುವ ಸಹೋದರರೊಬ್ಬರು ದಿನಾ ರಾತ್ರಿ ಬಾಡಿಗೆ ಮುಗಿಸಿ ಡಬ್ಬಿ ತರುತ್ತಿದ್ದರು. ರೊಟ್ಟಿ, ಶೇಂಗಾ ಹಿಂಡಿ. ನಾನು ತಿನ್ನುವ ತನಕ ಕೂತು, ಏಳುವ ಮುಂಚೆ ಮೆಲ್ಲಗೆ ಕರ್ತನ ಪ್ರಾರ್ಥನೆ ಹೇಳುತ್ತಿದ್ದರು, ಬೇರೆ ಏನೂ ಇಲ್ಲ. ಆರನೆಯ ರಾತ್ರಿಯೋ ಏಳನೆಯ ರಾತ್ರಿಯೋ, "ಅನುದಿನದ ಆಹಾರ" ಎನ್ನುವ ಕಡೆ ನನ್ನ ಬಾಯಿ ತಾನಾಗಿ ಕೂಡಿಕೊಂಡಿತು. ಅಪ್ಪ ಉಳಿಯಲಿಲ್ಲ. ಆ ದಿನಗಳಲ್ಲಿ ನನ್ನ ಪಾಲಿನ ಪ್ರಾರ್ಥನೆಯನ್ನು ಆ ಸಹೋದರರು ಹೊತ್ತಿದ್ದರು. ಪಾರ್ಶ್ವವಾಯು ಬಡಿದವನನ್ನು ನಾಲ್ವರು ಹೊತ್ತು, ಚಾವಣಿ ಬಿಚ್ಚಿ ಯೇಸುವಿನ ಮುಂದೆ ಇಳಿಸಿದರಲ್ಲ, ಅಲ್ಲಿ "ಅವರ" ನಂಬಿಕೆಯನ್ನು ನೋಡಿ ಎಂದಿದೆ. ಮಲಗಿದವನ ನಂಬಿಕೆ ಎಷ್ಟಿತ್ತು ಎಂದು ಮಾರ್ಕ ಬರೆದಿಲ್ಲ.

ನಿಮ್ಮ ಸಭೆಯಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ. ಬಹುಶಃ ಹಿಂದಿನ ಸಾಲಿನಲ್ಲಿ, ಜಾಸ್ತಿ ಮಾತಾಡದವರು. ಅವರ ಪಕ್ಕದಲ್ಲಿ ಕೂತುಕೊಳ್ಳಿ. ಆ ಹಿರಿಯರ ಮಾತಿನಿಂದ ನೋವಾಯಿತೆಂದು ಪಾಸ್ಟರಮ್ಮನಿಗೆ ನೇರವಾಗಿ ಹೇಳಿ, ನುಂಗಿಕೊಳ್ಳಬೇಡಿ. ಮುಂದಿನ ಶುಕ್ರವಾರ ನಿಮ್ಮ ಸರದಿ ಬಂದಾಗ "ಕರ್ತನೇ, ಕರುಣಿಸು" ಎಂದಷ್ಟು ಹೇಳಿ ಪಕ್ಕದವರ ಕೈ ಮುಟ್ಟಿ. ಅವರು ಮುಂದುವರಿಸುತ್ತಾರೆ. ಅಷ್ಟೂ ಆಗದ ದಿನ ತುಟಿ ಅಲುಗಿಸಿ.

ಪತ್ರದ ಕೆಳಗೆ ನೀವು ಬರೆದಿದ್ದ ಹೆಸರನ್ನು ಇಲ್ಲಿ ಅಚ್ಚು ಹಾಕಿಲ್ಲ. ಮನೆಯಲ್ಲಿ ನನ್ನ ಹೆಂಡತಿಗೆ ಮಾತ್ರ ಹೇಳಿದ್ದೇನೆ. ಅವ್ವನ ಹಂಚು ಈಗ ಅವಳ ಕೈಯಲ್ಲಿದೆ.

— ಸಂಪಾದಕ